ಬೀಡಿನ ಬಾಗಿಲು

ಚಳಿಗಾಲ ಬಂದು ಒಲೆ ಮುಂದೆ ನಾಲ್ಕು ಜನ ಕೂತರೆ ನಮ್ಮ ಮನೆಯಲ್ಲಿ ಈ ಬಾಗಿಲಿನ ಮಾತು ಬಂದೇ ಬರುತ್ತದೆ. ಚಿಕ್ಕಪ್ಪ ಹೇಳಿದರೆ ಅದು ಬೆಂಗಳೂರಿನ ಅಂಗಡಿಯವರ ಜೊತೆ ನಡೆದ ಜಗಳದ ಕಥೆಯಾಗುತ್ತದೆ. ಗೌರಿಬಿದನೂರಿನ ಭಾವ ಹೇಳಿದರೆ ಬೀಡು ಕಬ್ಬಿಣದ ಪಾಠವಾಗುತ್ತದೆ. ನನ್ನ ಮಟ್ಟಿಗೆ ಅದು ಚಿಕ್ಕಮ್ಮನ ಕಥೆ. ಒಲೆಯಲ್ಲಿ ಏನೋ ಕೆಟ್ಟಿದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಅವರಿಗೆ. ಹೊಸ ಬಾಗಿಲು ಬಂದಾಗ ಪರೀಕ್ಷೆ ಮಾಡದೆ ಸಹಿ ಹಾಕಬೇಡಿ ಅಂತ ಅಡ್ಡ ನಿಂತವರೂ ಅವರೇ. ಹಾಗಾಗಿ ಇವತ್ತು ನಾನು ಹೇಳುತ್ತೇನೆ, ಕೇಳಿ.

2022ರ ಡಿಸೆಂಬರ್. ಮಾಂಡೌಸ್ ಚಂಡಮಾರುತ 9ನೇ ತಾರೀಕಿನ ರಾತ್ರಿ ಮಹಾಬಲಿಪುರದ ಹತ್ತಿರ ದಡ ಮುಟ್ಟಿತ್ತು. ನಮ್ಮ ಕಡೆಗೆ ಬಂದದ್ದು ದೊಡ್ಡ ಮಳೆಯಲ್ಲ, ಬಿಡದೆ ಸುರಿಯುವ ಜಿಟಿಜಿಟಿ ಮತ್ತು ಮೂಳೆ ಕೊರೆಯುವ ಥಂಡಿ. ಚಿಕ್ಕಬಳ್ಳಾಪುರದಲ್ಲಿ ಹಗಲೆಲ್ಲಾ ನಂದಿಬೆಟ್ಟ ಮೋಡದೊಳಗೇ ಇತ್ತು. ಅಂಥ ವಾರದಲ್ಲಿ ಶಿಡ್ಲಘಟ್ಟದ ಚಿಕ್ಕಪ್ಪನ ರೇಷ್ಮೆ ಶೆಡ್ಡಿನಲ್ಲಿ ಒಲೆಯ ಬಾಗಿಲು ಸೀಳಿತು.

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹೆಸರು ಕೇಳದವರು ರೇಷ್ಮೆ ಕಸುಬಿನಲ್ಲಿ ಯಾರೂ ಇಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ಗೂಡು ತಂದು ಸುರಿಯುತ್ತಾರೆ, ಹರಾಜಿನಲ್ಲಿ ರೀಲರುಗಳು ಕೊಳ್ಳುತ್ತಾರೆ, ಅದೇ ಊರಿನ ಗಲ್ಲಿಗಳಲ್ಲಿ ಅದು ನೂಲಾಗುತ್ತದೆ. ದೊಡ್ಡ ಯಂತ್ರ ಹಾಕಿದವರು ಇದ್ದಾರೆ. ಆದರೆ ಮನೆ ಹಿಂದೆ ಶೀಟಿನ ಶೆಡ್ಡು ಕಟ್ಟಿ, ಗಂಡ ಹೆಂಡತಿ ಮತ್ತು ಒಬ್ಬಿಬ್ಬರು ಕೂಲಿಯವರು ಸೇರಿ ಕಾಟೇಜ್ ಬೇಸಿನ್ ನಡೆಸುವವರೂ ಇದ್ದಾರೆ. ಚಿಕ್ಕಪ್ಪನದು ಆ ಥರದ್ದು. ಗೂಡು ಕೊಳ್ಳುವುದು, ಸೌದೆ ತರುವುದು, ನೂಲು ಮಾರುವುದು ಚಿಕ್ಕಪ್ಪನ ಪಾಲು. ಗೂಡು ಬೇಯಿಸುವುದು ಚಿಕ್ಕಮ್ಮನ ಪಾಲು. ಮಸೀದಿಯಲ್ಲಿ ಮೊದಲ ಅಜಾನ್ ಕೂಗುವ ಹೊತ್ತಿಗೆ ಅವರು ಒಲೆ ಹೊತ್ತಿಸಿ ನೀರು ಕಾಯಿಸಿರುತ್ತಾರೆ.

ಗೂಡು ಬೇಯಿಸುವುದೆಂದರೆ ನೀರಿಗೆ ಹಾಕಿ ತೆಗೆಯುವುದಲ್ಲ. ರೇಷ್ಮೆ ಎಳೆಯ ಸುತ್ತ ಸೆರಿಸಿನ್ ಎಂಬ ಅಂಟು ಇರುತ್ತದೆ, ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಅದು ಹದವಾಗಿ ಮೆತ್ತಗಾದರೆ ಎಳೆ ಬಿಚ್ಚಿಕೊಳ್ಳುತ್ತದೆ. ಕಡಿಮೆ ಬೆಂದರೆ ಎಳೆ ಗೂಡು ಬಿಡದೆ ಪಟ್ ಅಂತ ತುಂಡಾಗುತ್ತದೆ, ಹೆಚ್ಚು ಬೆಂದರೆ ಗಂಟುಗಂಟಾಗಿ ಎದ್ದು ಬರುತ್ತದೆ, ಅರ್ಧ ಗೂಡು ತ್ಯಾಜ್ಯಕ್ಕೆ ಹೋಗುತ್ತದೆ. ಅದಕ್ಕೆ ಬೇಕಾದ ನೀರು ಹೆಚ್ಚುಕಡಿಮೆ ಕುದಿಯುವ ನೀರೇ. ಶಿಡ್ಲಘಟ್ಟ ಸಮುದ್ರ ಮಟ್ಟದಿಂದ 880 ಮೀಟರಿನಷ್ಟು ಮೇಲಿದೆ, ಅಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸು. ಬಿಸಿ ಐದಾರು ಡಿಗ್ರಿ ಇಳಿದರೂ ಕೆಲಸ ಕೆಡುತ್ತದೆ. ಬೆಂದ ಗೂಡನ್ನು ಸಟ್ಟುಗದಲ್ಲಿ ತೆಗೆದು ಪಕ್ಕದ ಉಗುರುಬೆಚ್ಚಗಿನ ಬೇಸಿನ್ನಿಗೆ ಹಾಕಬೇಕು. ಅಲ್ಲಿ ಏಳೆಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು ಮಾಡಿ ರಾಟೆಗೆ ಬಿಡುತ್ತಾರೆ. ಅಲ್ಲಿ ಎಳೆ ಹೇಗೆ ಓಡುತ್ತದೆ ಅನ್ನುವುದು ಇಲ್ಲಿ ಬೆಂಕಿ ಹೇಗೆ ಉರಿಯುತ್ತದೆ ಅನ್ನುವುದರ ಮೇಲಿದೆ.

ಮೊದಲಿದ್ದದ್ದು ಮಣ್ಣು ಇಟ್ಟಿಗೆಯ ಒಲೆ. ಬಾಯಿಗೆ ಬಾಗಿಲೇ ಇಲ್ಲ, ಒಂದು ತಗಡು ಒರಗಿಸಿರುತ್ತಿದ್ದರು. ಸೌದೆ ತಿನ್ನುತ್ತಿತ್ತು, ಹೊಗೆಯೆಲ್ಲಾ ಶೆಡ್ಡಿಗೆ. ಚಿಕ್ಕಮ್ಮನ ಕಣ್ಣು ವರ್ಷವಿಡೀ ಕೆಂಪಗೆ ಇರುತ್ತಿದ್ದದ್ದು ನನಗೆ ಚಿಕ್ಕಂದಿನಿಂದ ನೆನಪಿದೆ. ಆ ವರ್ಷದ ದೀಪಾವಳಿಗೆ ಮುಂಚೆ ಸಾಲ ಮಾಡಿ ಹೊಸ ಒಲೆ ಹಾಕಿಸಿದರು. ಕಬ್ಬಿಣದ ಮೈ, ಒಳಗೆ ಬೆಂಕಿ ಇಟ್ಟಿಗೆ, ಕೆಳಗೆ ಜಾಲರಿ, ಎತ್ತರದ ಹೊಗೆ ಕೊಳವೆ, ಮುಂದೆ ಬೀಡಿನಲ್ಲಿ ಎರಕ ಹೊಯ್ದ ದಪ್ಪ ಬಾಗಿಲು. ಬಾಗಿಲ ಕೆಳಗೆ ಗಾಳಿ ಬಿಡಲು ಸರಿಸುವ ಕಿಂಡಿ. ಬೆಂಕಿಗೆ ಬೇಕಾದಷ್ಟೇ ಗಾಳಿ ಕೊಟ್ಟರೆ ಕಡಿಮೆ ಸೌದೆಯಲ್ಲಿ ಹೆಚ್ಚು ಕಾವು ಸಿಗುತ್ತದೆ, ಬಾಯಿ ತೆರೆದಿಟ್ಟರೆ ಬಂದ ತಣ್ಣನೆ ಗಾಳಿಯೇ ಕಾವನ್ನು ಹೊತ್ತುಕೊಂಡು ಕೊಳವೆಯಲ್ಲಿ ಹೋಗಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು 80ರ ದಶಕದಲ್ಲಿ ಹಳ್ಳಿಗಳಿಗೆ ಅಸ್ತ್ರ ಒಲೆ ಕೊಟ್ಟಾಗಲೂ ಹೇಳಿದ್ದು ಇದನ್ನೇ. ರೇಷ್ಮೆ ಒಲೆಗೂ ಅದೇ ಲೆಕ್ಕ. ಬಾಗಿಲು ಗಟ್ಟಿಯಾಗಿ ಕೂರಬೇಕು. ಕೂರದಿದ್ದರೆ ಉಳಿದದ್ದೆಲ್ಲಾ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಮೊದಲ ಕೆಲವು ವಾರ ಚಿಕ್ಕಮ್ಮ ಆ ಒಲೆಯನ್ನು ಬಾಯ್ತುಂಬ ಹೊಗಳಿದರು. ಹೊಗೆಯಿಲ್ಲ, ಸೌದೆ ಉಳಿಯುತ್ತಿದೆ, ನೀರು ಬೇಗ ಕಾಯುತ್ತದೆ. ಆಮೇಲೆ ಒಂದು ದಿನ ಫೋನಿನಲ್ಲಿ ಅಂದರು: "ಯಾಕೋ ಎಳೆ ತುಂಡಾಗ್ತಾ ಐತೆ ಕಣಪ್ಪ. ಗೂಡು ಚೆನ್ನಾಗೈತೆ, ನೀರು ಸರಿಗಿಲ್ಲ." ಚಿಕ್ಕಪ್ಪ ಗೂಡಿನ ಮೇಲೆ ಹಾಕಿದರು, ಚಳಿಗೆ ಹುಳು ಸರಿಯಾಗಿ ಗೂಡು ಕಟ್ಟಿರಲಿಕ್ಕಿಲ್ಲ ಅಂತ. ಚಿಕ್ಕಮ್ಮ ಒಪ್ಪಲಿಲ್ಲ. ಬಾಗಿಲಿನ ಎಡಗಡೆ ಕೀಲಿನ ಹತ್ತಿರ ಕೂತರೆ ಮೊಣಕಾಲಿಗೆ ಬಿಸಿ ತಾಗುತ್ತದೆ, ಬಲಗಡೆ ತಾಗುವುದಿಲ್ಲ, ಆ ಕಡೆ ಬಾಗಿಲು ಬಿಟ್ಟುಕೊಂಡಿದೆ ಅಂತ ಅವರ ವಾದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಾಂಡೌಸಿನ ಜಿಟಿಜಿಟಿಯಲ್ಲಿ ಒಂದು ಬೆಳಗಿನ ಜಾವ, ಒಲೆ ಹೊತ್ತಿ ಕಾವೇರುತ್ತಿದ್ದಂತೆ, ಟಣ್ ಅಂತ ಸದ್ದಾಯಿತು. ಮೇಲಿನ ಕೀಲಿನಿಂದ ಬಾಗಿಲಿನ ನಡುಮಧ್ಯಕ್ಕೆ ಓರೆಯಾಗಿ ಬಿರುಕು. ಸಂಜೆ ಹೊತ್ತಿಗೆ ಕೀಲಿನ ಕಿವಿಯೇ ಕಳಚಿ ಅವರ ಪಾದದ ಪಕ್ಕ ಬಿತ್ತು. ಬಿಸಿ ಬೀಡಿನ ತುಂಡು, ಅಂಗೈಯಷ್ಟು. ಪುಣ್ಯಕ್ಕೆ ಕಾಲ ಮೇಲೆ ಬೀಳಲಿಲ್ಲ.

ಆ ತುಂಡನ್ನು ಚಿಕ್ಕಮ್ಮ ಇಕ್ಕಳದಲ್ಲಿ ಎತ್ತಿ, ಆರಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಗೂಡಿನ ಬುಟ್ಟಿಯ ಮೇಲಿಟ್ಟರು. ಗುಜರಿಗೆ ಹಾಕು ಅಂತ ಯಾರೋ ಅಂದರಂತೆ. "ಹಾಕಲ್ಲ, ಕೊಟ್ಟೋರು ನೋಡಲಿ" ಅಂದರಂತೆ. ಮುಂದೆ ನಡೆದದ್ದೆಲ್ಲಾ ಆ ಒಂದು ಮಾತಿನಿಂದ.

ಒಲೆ ಮಾರಿದವರು ಬೆಂಗಳೂರಿನವರು. ಚಿಕ್ಕಪ್ಪ ಫೋನ್ ಮಾಡಿದಾಗ ಆ ಕಡೆಯಿಂದ ಬಂದ ಮೊದಲ ಮಾತೇ "ನೀರು ಚೆಲ್ಲಿದ್ದೀರಿ" ಅಂತ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಸೀಳುವುದು ನಿಜ, ಅದರಲ್ಲಿ ಸುಳ್ಳಿಲ್ಲ. ಗೂಡು ಬೇಯಿಸುವ ಜಾಗದಲ್ಲಿ ನೀರು ತುಳುಕುವುದೂ ನಿಜ. ಅದಕ್ಕೇ ಆ ಆರೋಪಕ್ಕೆ ಉತ್ತರ ಕೊಡುವುದು ಕಷ್ಟವಾಗಿತ್ತು. ಎರಡನೇ ಸಲ ಫೋನ್ ಮಾಡಿದಾಗ ಕಾರಣ ಬದಲಾಗಿ ಹಸಿ ಸೌದೆಗೆ ಬಂತು. ಮೂರನೆಯದಾಗಿ, ಬೆಂಕಿ ತಾಗುವ ಭಾಗಗಳಿಗೆ ವಾರಂಟಿ ಇಲ್ಲ ಅಂದರು.

ಚಿಕ್ಕಪ್ಪ ಸುಮ್ಮನಾಗಿಬಿಡುವವರಿದ್ದರು. ಗೂಡಿನ ರೇಟು ಏರಿದ್ದ ವರ್ಷ ಅದು, ಕೊಂಡು ತಂದ ಗೂಡು ಶೆಡ್ಡಿನಲ್ಲಿ ಕೂತಿತ್ತು, ಹೆಚ್ಚು ದಿನ ಇಡಲಾಗುವುದಿಲ್ಲ. ಬಾಗಿಲಿನ ಜಾಗಕ್ಕೆ ಮತ್ತೆ ತಗಡು ಒರಗಿಸಿ, ಇಟ್ಟಿಗೆ ಕೊಟ್ಟು ಕೆಲಸ ನಡೆಸಿದರು. ಹೊಗೆ ಶೆಡ್ಡಿಗೆ ವಾಪಸ್ ಬಂತು. ಚಿಂತಾಮಣಿಯಲ್ಲಿ ಪರಿಚಯದ ಆಚಾರಿಯೊಬ್ಬರಿದ್ದರು, ವೆಲ್ಡ್ ಮಾಡಿಸಿಬಿಡೋಣ, ಮುಗಿಯಿತು ಅಂತ ಚಿಕ್ಕಪ್ಪನ ಲೆಕ್ಕ. ನಾನು ವಾರಂಟಿ ಕಾರ್ಡು ಕೇಳಿದೆ. ಚಿಕ್ಕಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದರು, ಬಿಲ್ಲಿನ ಸಮೇತ. ಇಂಗ್ಲಿಷಿನ ಸಣ್ಣ ಅಕ್ಷರ. ಒಂದು ವರ್ಷದ ವಾರಂಟಿ, ತಯಾರಿಕೆಯ ದೋಷಕ್ಕೆ. ಕೆಳಗೆ, ಬೆಂಕಿ ತಾಗಿ ಸವೆಯುವ ಭಾಗಗಳಿಗೆ ಅನ್ವಯಿಸದು ಅಂತ ಬರೆದು ಅವು ಯಾವುವೆಂದೂ ಹೇಳಿದ್ದರು: ಜಾಲರಿ, ಬೆಂಕಿ ಇಟ್ಟಿಗೆ, ಬಾಗಿಲಿನ ಅಂಚಿಗೆ ಸುತ್ತುವ ಹಗ್ಗ. ಬಾಗಿಲಿನ ಹೆಸರು ಅಲ್ಲಿರಲಿಲ್ಲ. ಹಗ್ಗವನ್ನು ಬಿಡಿಸಿ ಹೆಸರಿಸಿದವರು ಬಾಗಿಲನ್ನು ಹೆಸರಿಸಿಲ್ಲ ಅಂದರೆ ಬಾಗಿಲು ವಾರಂಟಿಯ ಒಳಗಿದೆ ಅಂತಲೇ ಅರ್ಥ. ವೆಲ್ಡ್ ಮಾಡಿಸಬೇಡಿ, ಬೇರೆಯವರು ಕೈ ಹಾಕಿದರೆ ವಾರಂಟಿ ಹೋಗುತ್ತದೆ ಅಂತ ಕೂಡ ಅದೇ ಕಾರ್ಡಿನಲ್ಲಿತ್ತು. ಚಿಂತಾಮಣಿಗೆ ಹೋಗುವುದು ನಿಂತಿತು.

ಉಳಿದದ್ದು ನೀರಿನ ಮಾತು. ಅದಕ್ಕೆ ಗೌರಿಬಿದನೂರಿಗೆ ಹೋಗಬೇಕಾಯಿತು. ಅಕ್ಕನ ಗಂಡ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾರೆ. ಅದಕ್ಕೂ ಮೊದಲು ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಇದ್ದವರು. ಸೀರೆಯ ಗಂಟು ಬಿಚ್ಚಿ ತುಂಡನ್ನು ಅವರ ಕೈಯಲ್ಲಿಟ್ಟೆ. ಹಿಂದೆ ಮುಂದೆ ನೋಡಲಿಲ್ಲ, ಮುರಿದ ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿ ಹಿಡಿದರು. "ಬಾ ಇಲ್ಲಿ, ನೋಡು" ಅಂದರು.

ಮುರಿದ ಮುಖದಲ್ಲಿ ಎರಡು ಬಣ್ಣ ಇತ್ತು. ಹೊರಗಡೆಯ ಅಂಚು ಬೂದು, ಸಣ್ಣ ಸಣ್ಣ ಹರಳಿನ ಹಾಗೆ ಮಿನುಗುತ್ತಿತ್ತು. ಅದು ಹೊಸದಾಗಿ ಮುರಿದ ಜಾಗ, ಬೀಡಿನೊಳಗಿನ ಇಂಗಾಲ ಪದರಪದರವಾಗಿ ಇರುವುದರಿಂದ ಬಣ್ಣ ಹಾಗೆ. ಒಳಗಡೆ, ಕೀಲಿನ ತೂತಿನ ಪಕ್ಕ, ಬೆರಳುಗುರಿನಷ್ಟು ಜಾಗ ಕಪ್ಪಾಗಿ ಮಾಸಿತ್ತು. ಅದರ ಮಧ್ಯೆ ಬಟಾಣಿ ಗಾತ್ರದ ಒಂದು ಗುಳಿ, ಗೋಡೆ ನಯವಾಗಿ, ಗುಂಡಗೆ. ಭಾವ ಒಂದು ಪಿನ್ನು ತಗೊಂಡು ಆ ಗುಳಿಯೊಳಗೆ ಕೆದಕಿದರು. ಸುಟ್ಟ ಮರಳಿನ ಎರಡು ಕಾಳು ಹೊರಗೆ ಬಿದ್ದವು.

"ಎರಕ ಹೊಯ್ಯೋವಾಗ ಗಾಳಿ ಸಿಕ್ಕೊಂಡೈತೆ" ಅಂದರು ಭಾವ. "ಅಚ್ಚಿನಾಗೆ ಹಸಿ ಇದ್ರೂ, ಗಾಳಿ ಹೋಗೋಕೆ ದಾರಿ ಬಿಡ್ದೆ ಇದ್ರೂ ಇಂಗಾಗ್ತದೆ. ಬೀಡು ಒತ್ತಿದ್ರೆ ತಡೀತದೆ, ಎಳೆದ್ರೆ ತಡೆಯಲ್ಲ. ಬಾಗಿಲಿನ ಭಾರವೆಲ್ಲ ಈ ಕಿವಿಯನ್ನೇ ಎಳೀತದೆ. ಅಲ್ಲೇ ಟೊಳ್ಳು ಅಂದ್ಮೇಲೆ ಇನ್ನೇನು? ಈ ಕಪ್ಪು ಜಾಗ ನೋಡು, ಹೊಗೆ ಒಳಗೆ ಹೋಗಿ ಕೂತೈತೆ. ಅಂದ್ರೆ ಬಿರುಕು ಇವತ್ತಿಂದಲ್ಲ. ವಾರಗಟ್ಟಲೆ ಇಂದ ಇತ್ತು."

ನೀರು ಬಿದ್ದು ಸೀಳಿದ್ದರೆ ಒಂದೇ ಏಟಿಗೆ, ನೀರು ಬಿದ್ದ ಕಡೆಯಿಂದ, ಹೊರಮೈಯಿಂದ ಶುರುವಾಗಬೇಕಿತ್ತು, ಮುರಿದ ಮುಖ ಪೂರ್ತಿ ಒಂದೇ ಬಣ್ಣ ಇರಬೇಕಿತ್ತು. ಇದು ಒಳಗಿನಿಂದ ಶುರುವಾಗಿ ನಿಧಾನಕ್ಕೆ ಹಬ್ಬಿದ್ದು. ಹಸಿ ಸೌದೆಯ ಮಾತಂತೂ ನಿಲ್ಲುವುದೇ ಇಲ್ಲ. ಹಸಿ ಸೌದೆ ಹೊಗೆಯಾಡುತ್ತದೆ, ಕಾವು ಕಡಿಮೆಯಾಗುತ್ತದೆ, ಅದರಿಂದ ಬಾಗಿಲು ಸೀಳುವುದಿಲ್ಲ. ಅದೂ ಅಲ್ಲದೆ ಚಿಕ್ಕಪ್ಪ ಚಿಂತಾಮಣಿಯ ಸೌದೆ ಡಿಪೋದಿಂದ ತರಿಸುತ್ತಿದ್ದದ್ದು ಬೇಸಿಗೆಯಲ್ಲಿ ಸೀಳಿ ಒಣಗಿಸಿದ ಹುಣಸೆ ಮತ್ತು ನೀಲಗಿರಿ. ಚಿಕ್ಕಮ್ಮ ಮೊಣಕಾಲಿಗೆ ಬಿಸಿ ತಾಗುತ್ತದೆ ಅಂದದ್ದು ಬಿರುಕಿನ ಆ ಮೊದಲ ದಿನಗಳಲ್ಲಿ. ಭಾವನಿಗೆ ಅದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ತುಂಡನ್ನೇ ನೋಡುತ್ತಾ, "ಚಿಕ್ಕತ್ತೆಗೆ ಸರಿಯಾಗೇ ಗೊತ್ತಾಗೈತೆ" ಅಂದರು.

ಭಾನುವಾರ ಭಾವನೇ ಶಿಡ್ಲಘಟ್ಟಕ್ಕೆ ಬಂದರು, ಸೀಮೆಸುಣ್ಣದ ತುಂಡು, ಸೀಮೆಎಣ್ಣೆಯ ಬಾಟಲಿ ತಗೊಂಡು. ಎದುರು ಗಲ್ಲಿಯ ಚಾಚಾ ಅದೇ ಒಲೆ ಅದೇ ತಿಂಗಳು ಹಾಕಿಸಿದ್ದರು. ಅವರ ಬಾಗಿಲು ನೋಡಲಿಕ್ಕೆ ಗಟ್ಟಿಮುಟ್ಟಾಗಿತ್ತು. ಒಲೆ ಆರಿಸಿ, ಬಾಗಿಲು ತಣ್ಣಗಾದ ಮೇಲೆ ಬಿಚ್ಚಿಸಿದರು. ಹಿಂಭಾಗದಲ್ಲಿ ಎರಕದಲ್ಲೇ ಉಬ್ಬಿ ಬಂದ ನಂಬರು ಇತ್ತು, ನಮ್ಮ ಬಾಗಿಲಿನ ಹಿಂದೆಯೂ ಅದೇ ನಂಬರು. ಕೀಲಿನ ಸುತ್ತ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆ ಹಚ್ಚಿ, ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು, ಬಟ್ಟೆಯಲ್ಲಿ ಒಣಗುವ ಹಾಗೆ ಒರೆಸಿದರು. ಮೇಲೆ ಸೀಮೆಸುಣ್ಣ ಬಳಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೊದಲು ಬರೀ ಬಿಳುಪು. ಸ್ವಲ್ಪ ಹೊತ್ತಿನಲ್ಲಿ ಕೀಲಿನ ತೂತಿನಿಂದ ಕೂದಲೆಳೆಯಂಥ ಒಂದು ಗೆರೆ ಕಂದಾಗಿ ಮೂಡಿ, ನಾಲ್ಕು ಬೆರಳಷ್ಟು ಉದ್ದ ಹರಿಯಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೀರಿ ತೋರಿಸಿತ್ತು. ನಮ್ಮ ಬಾಗಿಲು ಸೀಳಿದ ಜಾಗವೇ, ಅದೇ ಓರೆ. ಚಾಚಾ ಏನೂ ಮಾತಾಡದೆ ಬಾಗಿಲನ್ನು ಗೋಡೆಗೆ ಒರಗಿಸಿದರು. ಅವರ ಮೊಮ್ಮಕ್ಕಳು ಆ ಒಲೆ ಮುಂದೆಯೇ ಚಳಿ ಕಾಯಿಸಿಕೊಳ್ಳುತ್ತಿದ್ದರು.

ಈಗ ಇದು ಒಂದು ಮನೆಯ ಬಾಗಿಲಿನ ಮಾತಾಗಿ ಉಳಿಯಲಿಲ್ಲ. ಆ ರಾತ್ರಿ ಕೂತು ಪತ್ರ ಬರೆದೆವು. ಬಿಲ್ಲಿನ ನಂಬರು, ತಾರೀಕು, ಎರಕದ ನಂಬರು, ಮುರಿದ ಮುಖದ ಫೋಟೊ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದದ್ದು, ಸುಣ್ಣದ ಗೆರೆಯ ಫೋಟೊ, ವಾರಂಟಿ ಕಾರ್ಡಿನ ಆ ಸಾಲು. ಕೇಳಿದ್ದು ಒಂದೇ: ಬಾಗಿಲು ಬದಲಿಸಿ ಕೊಡಿ. ಚಿಕ್ಕಬಳ್ಳಾಪುರದ ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಪೋಸ್ಟ್, ಸ್ವೀಕೃತಿ ಕಾರ್ಡಿನ ಸಮೇತ. ಈಮೇಲೂ ಕಳಿಸಿದೆವು, ಆದರೆ ಚಿಕ್ಕಪ್ಪನಿಗೆ ನಂಬಿಕೆ ಬಂದದ್ದು ಆ ಕಾರ್ಡು ಸಹಿಯಾಗಿ ವಾಪಸ್ ಬಂದಾಗ.

ಉತ್ತರ ಬಂತು. ನೀರಿನ ಮಾತೂ ಇರಲಿಲ್ಲ, ಸೌದೆಯ ಮಾತೂ ಇರಲಿಲ್ಲ. ಒಲೆಯನ್ನು ವ್ಯಾಪಾರಕ್ಕೆ ಬಳಸಿದ್ದೀರಿ, ಆದ್ದರಿಂದ ನೀವು ಗ್ರಾಹಕರಲ್ಲ, ಗ್ರಾಹಕ ಕಾನೂನು ನಿಮಗೆ ಅನ್ವಯಿಸುವುದಿಲ್ಲ ಅಂತ ಬರೆದಿದ್ದರು. ಓದಿ ಚಿಕ್ಕಮ್ಮ ಕೇಳಿದರು, "ದುಡ್ಡು ಕೊಟ್ಟಿಲ್ವಾ ನಾವು?" ಅಂತ. ನನಗೆ ಇಡೀ ಪ್ರಕರಣದಲ್ಲಿ ಬಹಳ ಸಿಟ್ಟು ಬಂದದ್ದು ಆಗಲೇ. ಬೆಳಗಿನ ಜಾವದಿಂದ ಕುದಿನೀರಿನಲ್ಲಿ ಕೈಯಿಟ್ಟು ಬೆರಳ ತುದಿಯ ಚರ್ಮ ಬಿಳಿಚಿಕೊಂಡು ಸುಲಿದ ಹೆಂಗಸಿಗೆ, ನೀನು ವ್ಯಾಪಾರಸ್ಥೆ, ನಿನಗೆ ಕೆಟ್ಟ ಸಾಮಾನು ಕೊಟ್ಟರೂ ಕೇಳುವ ಹಕ್ಕಿಲ್ಲ ಅನ್ನುವುದು ಸಣ್ಣ ಮಾತಲ್ಲ.

ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ನನ್ನ ಜೊತೆ ಓದಿದವನೊಬ್ಬ ವಕೀಲ. ಅವನು ಹೇಳಿದ್ದನ್ನು ಹೇಳುತ್ತೇನೆ, ರೇಷ್ಮೆಯವರಿಗೇ ಅಲ್ಲ, ಹಿಟ್ಟಿನ ಗಿರಣಿ, ಟೈಲರಿಂಗ್ ಮಷಿನ್, ಆಟೊ ಇಟ್ಟುಕೊಂಡವರಿಗೂ ಬೇಕಾದ ಮಾತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1993ರಲ್ಲಿ ಒಂದು ವಿವರಣೆ ಸೇರಿಸಿದರು. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡು ಬಳಸಿದ ಸಾಮಾನು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ ಅಂತ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮತ್ತು ಪಿಎಸ್‌ಜಿ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿತು. ಆ ಪ್ರಕರಣದಲ್ಲಿ ಯಂತ್ರ ಕೊಂಡವರು ಸೋತರು, ಅವರದು ದೊಡ್ಡ ಮಟ್ಟದ ಉದ್ಯಮ ಅಂತ. ಆದರೆ ತಾನೇ ಓಡಿಸುವುದಕ್ಕೆ ಟ್ಯಾಕ್ಸಿ ಕೊಂಡವನು, ತಾನೇ ಕೆಲಸ ಮಾಡುವುದಕ್ಕೆ ಲೇತ್ ಕೊಂಡವನು ಗ್ರಾಹಕನೇ, ಒಬ್ಬಿಬ್ಬರ ಸಹಾಯ ತಗೊಂಡ ಮಾತ್ರಕ್ಕೆ ಅವನ ಹಕ್ಕು ಹೋಗುವುದಿಲ್ಲ ಅಂತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಗಂಡ ಹೆಂಡತಿ, ಒಬ್ಬಿಬ್ಬರು ಕೂಲಿಯವರು. ಚಿಕ್ಕಪ್ಪನ ಶೆಡ್ಡನ್ನೇ ನೋಡಿ ಬರೆದಂತಿತ್ತು. 2019ರ ಹೊಸ ಕಾಯ್ದೆಯಲ್ಲೂ ಆ ವಿವರಣೆ ಉಳಿದಿದೆ. ಜೊತೆಗೆ ಇನ್ನೊಂದು ಅನುಕೂಲ: ಮೊದಲು ಮಾರಿದವರ ಊರಿಗೋ, ತಗಾದೆ ಹುಟ್ಟಿದ ಜಾಗಕ್ಕೋ ಹೋಗಿ ದೂರು ಕೊಡಬೇಕಿತ್ತು. ಈಗ ಕೊಂಡವರು ವಾಸವಿರುವ ಕಡೆಯ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಟ್ಟರಾಯಿತು.

ಇದನ್ನೆಲ್ಲಾ ಎರಡನೇ ಪತ್ರದಲ್ಲಿ ಬರೆದೆವು. ಅದನ್ನು ಹಾಕಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಚಿಕ್ಕಪ್ಪನ ಫೋನಿನಿಂದಲೇ ಕರೆ ಮಾಡಿದೆವು. ಕನ್ನಡ ಬಲ್ಲವರು ಸಿಕ್ಕರು. ಚಿಕ್ಕಮ್ಮನೇ ಮಾತಾಡಿದರು. ದೂರಿನ ನಂಬರು ಮೆಸೇಜಿನಲ್ಲಿ ಬಂತು. ಆ ಸಹಾಯವಾಣಿ ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ಕಳಿಸಿ ಉತ್ತರ ತರಿಸುತ್ತದೆ, ಅಷ್ಟೇ. ಎಷ್ಟೋ ಕಡೆ ಅಷ್ಟೇ ಸಾಕಾಗುತ್ತದೆ. ಡಿಸೆಂಬರ್ 24 ಗ್ರಾಹಕರ ದಿನ, 1986ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಬೆಂಗಳೂರಿನಿಂದ ಫೋನ್ ಬಂತು, ನಮ್ಮ ಟೆಕ್ನಿಷಿಯನ್ ಬಂದು ನೋಡುತ್ತಾರೆ ಅಂತ.

ಬಂದವನು ಚಿಕ್ಕ ವಯಸ್ಸಿನ ಹುಡುಗ. ಬೈಕಿನಲ್ಲಿ ಚಳಿಯಲ್ಲಿ ಬಂದು ಬೆರಳು ಮರಗಟ್ಟಿದ್ದವು. ಚಿಕ್ಕಮ್ಮ ಮೊದಲು ಅವನಿಗೆ ಕಾಫಿ ಕೊಟ್ಟರು. ಕುಡಿದು, ಫಾರಂ ತೆಗೆದು, ಚಿಕ್ಕಪ್ಪನನ್ನು ಕೇಳತೊಡಗಿದ. ದಿನಕ್ಕೆಷ್ಟು ಹೊತ್ತು ಉರಿಸುತ್ತೀರಿ, ಯಾವ ಸೌದೆ, ನೀರು ಬೀಳುತ್ತದೆಯೇ. ಚಿಕ್ಕಪ್ಪ ಪ್ರತಿ ಪ್ರಶ್ನೆಗೂ ಚಿಕ್ಕಮ್ಮನ ಮುಖ ನೋಡುವುದು ಕಂಡು ಅವನೇ ಫಾರಂ ಅವರ ಕಡೆ ತಿರುಗಿಸಿದ.

"ನೀರು ಬೀಳಲ್ಲಪ್ಪ" ಅಂದರು. "ಕಡಾಯಿ ಇರೋದು ಹಿಂದ್ಗಡೆ, ಬಾಗ್ಲು ಮುಂದ್ಗಡೆ. ನಾನು ಗೂಡು ತೆಗಿಯೋದು ಬಲಗೈಲಿ, ಬಲಗಡೆ ಬೇಸಿನ್‌ಗೆ. ಒಡ್ದಿರೋದು ಎಡಗಡೆ. ನೀನೇ ಕೂತ್ಕಂಡು ನೋಡು, ತುಳುಕಿದ್ರೆ ಎಲ್ಲಿ ಬೀಳ್ತದೆ?" ಅವನು ಕೂತು ನೋಡಿದ. ತುಳುಕಿದ ನೀರಿನ ಬಿಳಿ ಕಲೆ ಬಲಗಡೆಯ ನೆಲದ ಮೇಲೆ ತಿಂಗಳುಗಳಿಂದ ಒಣಗಿ ಒಣಗಿ ಗಟ್ಟಿಯಾಗಿತ್ತು, ಎಡಗಡೆ ಬರೀ ಬೂದಿ. ಅವನು ಅದರ ಫೋಟೊ ತೆಗೆದುಕೊಂಡ. ಆಮೇಲೆ ಗಂಟು ಬಿಚ್ಚಿ ತುಂಡು ತೋರಿಸಿದರು. ಗುಳಿ ನೋಡಿದ ಮೇಲೆ ಅವನು ಬೇರೆ ಪ್ರಶ್ನೆ ಕೇಳಲಿಲ್ಲ. ಫಾರಂನಲ್ಲಿ ಎರಕದ ದೋಷ ಅಂತ ಬರೆದು, ಚಿಕ್ಕಪ್ಪ ಕೇಳಿದ್ದಕ್ಕೆ ಅದರ ಫೋಟೊ ತೆಗೆಯಲು ಬಿಟ್ಟ. ಕಂಪನಿಯ ಮೇಲೆ ನನಗಿದ್ದ ಸಿಟ್ಟು ಆ ಹುಡುಗನ ಮೇಲೆ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ.

ಹೊಸ ಬಾಗಿಲು ಸಂಕ್ರಾಂತಿಗೆ ಸ್ವಲ್ಪ ಮುಂಚೆ ಬಂತು, ಅದೇ ಹುಡುಗ ತಂದ. ಸಹಿ ಹಾಕಿ ಅಂದ. ಚಿಕ್ಕಮ್ಮ ತಡೆದರು. ಮೊದಲು ಬಾಗಿಲನ್ನು ಗೋಣಿಚೀಲದ ಮೇಲಿಟ್ಟು, ಭಾವ ಹೇಳಿಕೊಟ್ಟಿದ್ದ ಹಾಗೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಒಡಕಿದ್ದರೆ ಡಬ್ಬ ಅನ್ನುತ್ತದೆ, ಇದು ಗಂಟೆಯಂತೆ ಣಣ್ ಅಂದಿತು. ಕೀಲಿಗೆ ಕೂರಿಸಿ, ಅಂಚಿಗೆ ಹೊಸ ಹಗ್ಗ ಸುತ್ತಿಸಿ, ಒಲೆ ಹೊತ್ತಿಸಿದರು. ಕೊಳವೆ ಎಳೆಯಲು ಶುರುವಾದ ಮೇಲೆ ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಅಂಚಿನುದ್ದಕ್ಕೂ ನಿಧಾನಕ್ಕೆ ಸರಿಸುತ್ತಾ ಹೋದರು. ಬಾಗಿಲು ಸರಿಯಾಗಿ ಕೂತಿದ್ದರೆ ಹೊಗೆ ನೆಟ್ಟಗೆ ಮೇಲೇಳುತ್ತದೆ. ಸಂದಿದ್ದರೆ ಬಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲಿನ ಅಂಚು ಸರಿ, ಬಲ ಸರಿ, ಎಡ ಸರಿ. ಚಿಲಕದ ಕೆಳಗೆ ಒಂದು ಕಡೆ ಹೊಗೆ ಬಾಗಿತು. "ಇಲ್ಲೈತೆ ನೋಡು" ಅಂದರು. ಹುಡುಗ ಚಿಲಕದ ಕೊಕ್ಕೆಯನ್ನು ಅರದಲ್ಲಿ ಉಜ್ಜಿ ಇನ್ನಷ್ಟು ಬಿಗಿಯಾಗಿ ಹಿಡಿಯುವ ಹಾಗೆ ಮಾಡಿದ. ಇನ್ನೊಮ್ಮೆ ಊದುಬತ್ತಿ ಹಿಡಿದು ನೋಡಿದರು. ಹೊಗೆ ನೆಟ್ಟಗೆ ಎದ್ದಿತು. ಆಮೇಲೇ ಚಿಕ್ಕಪ್ಪ ಸಹಿ ಹಾಕಿದ್ದು. ವಾರಂಟಿ ಕಾರ್ಡಿನ ಹಿಂದೆ ಹೊಸ ಬಾಗಿಲಿನ ನಂಬರು, ಬದಲಿಸಿದ ತಾರೀಕು ಬರೆಸಿಕೊಂಡರು.

ಹಾಳಾದ ದಿನಗಳ ದುಡ್ಡು ಬರಲಿಲ್ಲ. ಒಲೆ ಸರಿಯಿಲ್ಲದಷ್ಟು ದಿನವೂ ನೂಲು ಕಳಪೆಯಾಗಿ ಕಡಿಮೆ ಬೆಲೆಗೆ ಹೋಯಿತು, ಗೂಡು ತ್ಯಾಜ್ಯವಾಯಿತು, ಹೊಗೆ ಕುಡಿದದ್ದಕ್ಕೆ ಲೆಕ್ಕವೇ ಇಲ್ಲ. ಆಯೋಗಕ್ಕೆ ಹೋಗಿದ್ದರೆ ಅದಕ್ಕೂ ಪರಿಹಾರ ಕೇಳಬಹುದಿತ್ತು ಅಂತ ವಕೀಲ ಹೇಳಿದ. ಚಿಕ್ಕಪ್ಪ ಬೇಡ ಅಂದರು, ಕೆಲಸ ಕಾಯುತ್ತಿದೆ ಅಂತ. ಸಾಲದ ಕಂತು ಕಟ್ಟುತ್ತಿರುವವರ ತೀರ್ಮಾನ ಅದು, ನಾನು ಒತ್ತಾಯ ಮಾಡಲಿಲ್ಲ. ಆದರೆ ವಾರಂಟಿ ಕೊಡುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕುಟುಂಬದ ಅನ್ನ ಬೇಯುವ ಒಲೆಯ ಭಾಗ ಕೆಟ್ಟರೆ, ತಪ್ಪು ಯಾರದೆಂದು ಚರ್ಚಿಸುವಷ್ಟು ದಿನಕ್ಕಾದರೂ ಬದಲಿ ಬಾಗಿಲು ಕೊಟ್ಟಿರಬೇಕು.

ಚಾಚಾ ಅವರದು ಉಳಿದಿತ್ತು. ಅವರ ಬಿಲ್ಲು ಮಳೆಯಲ್ಲಿ ನೆನೆದು ಅಕ್ಷರ ಕಾಣದಂತಾಗಿತ್ತು. ಬಿಲ್ಲಿಲ್ಲದೆ ಆಗುವುದಿಲ್ಲ ಅಂತ ಅಂಗಡಿಯವರು ಅಂದರು. ಎರಕದ ನಂಬರು ಬಾಗಿಲಿನ ಮೇಲೇ ಇದೆಯಲ್ಲ, ಅದೇ ಸಾಕ್ಷಿ ಅಂತ ನಾವು ಹೇಳಿದೆವು, ಆಗಲಿಲ್ಲ. ಕೊನೆಗೆ ಅವರ ಮಗಳು ಒಂದು ದಾರಿ ಹುಡುಕಿದಳು. ಒಲೆಯ ದುಡ್ಡನ್ನು ಅವಳೇ ಫೋನಿನಿಂದ ಕಳಿಸಿದ್ದಳು. ಅಕ್ಟೋಬರಿನ ಜಮಾಖರ್ಚೆಲ್ಲಾ ತಿರುಗಿಸಿ ಆ ಒಂದು ಪಾವತಿಯನ್ನು ಹುಡುಕಿ ತೆಗೆದಳು. ಅಂಗಡಿಯ ಹೆಸರು, ತಾರೀಕು, ಮೊತ್ತ ಎಲ್ಲವೂ ಇತ್ತು. ಅದರ ಚಿತ್ರವನ್ನೂ, ಬ್ಯಾಂಕಿನ ಸ್ಟೇಟ್‌ಮೆಂಟನ್ನೂ, ಸುಣ್ಣದ ಗೆರೆಯ ಫೋಟೊವನ್ನೂ ಕಳಿಸಿದ ಮೇಲೆ ಒಪ್ಪಿದರು. ಅದೇ ನಂಬರಿನ ಬಾಗಿಲು ಅದೇ ಗಲ್ಲಿಗಳಲ್ಲಿ ಇನ್ನೂ ಕೆಲವು ಇದ್ದವು. ಭಾವ ಮತ್ತೊಂದು ಭಾನುವಾರ ಬಂದು ಎಲ್ಲಕ್ಕೂ ಸೀಮೆಎಣ್ಣೆ, ಸೀಮೆಸುಣ್ಣ ಹಚ್ಚಿ ನೋಡಿದರು. ಗೆರೆ ಮೂಡಿದವರಿಗೆಲ್ಲಾ ಚಾಚಾ ಮಗಳೇ ಅರ್ಜಿ ಬರೆದುಕೊಟ್ಟಳು. ಗೆರೆ ಮೂಡದಿದ್ದವರಿಗೆ, ವಾರಂಟಿ ಮುಗಿಯುವ ಮುಂಚೆ ಇನ್ನೊಮ್ಮೆ ನೋಡಿಸಿಕೊಳ್ಳಿ ಅಂತ ತಾರೀಕು ಬರೆದು ಬಾಗಿಲ ಹಿಂದಿನ ಗೋಡೆಗೆ ಅಂಟಿಸಿ ಬಂದಳು.